ಗಾಳಿಯ ಲೆಕ್ಕ ಹಾಕಿದ ಸತೀಶ್ ಧವನ್: ಬೈಕ್ ಸವಾರರೂ ನೆನೆಯಬೇಕಾದ ವಿಜ್ಞಾನಿ

ಧರ್ಮಪುರಿ: ಹೊಸೂರು, ಕೃಷ್ಣಗಿರಿ, ಧರ್ಮಪುರಿ ದಾಟಿ ತೊಪ್ಪೂರು ಘಾಟಿ ಇಳಿದು ಸೇಲಂಗೆ ಬೈಕಿನಲ್ಲಿ ಹೋಗುವವರಿಗೆ ಹೆದ್ದಾರಿಯ ಗಾಳಿಯ ಕಾಟ ಹೊಸದೇನಲ್ಲ. ವೇಗ ಎಪ್ಪತ್ತು, ಎಂಬತ್ತು ಕಿಲೋಮೀಟರಿಗೆ ಏರಿತೆಂದರೆ ಹೆಲ್ಮೆಟ್ ಗಡಗಡ ನಡುಗಲು ಶುರು. ಮುಂದಿನ ಲಾರಿಯ ನಂಬರ್ ಪ್ಲೇಟು ಎರಡೆರಡಾಗಿ ಕಾಣುತ್ತದೆ, ಊರು ಮುಟ್ಟುವ ಹೊತ್ತಿಗೆ ಕತ್ತು ಹಿಡಿದುಕೊಂಡಿರುತ್ತದೆ. ಈ ಕಾಟವೇ ಬೇಡವೆಂದು ದುಡ್ಡು ಕೊಟ್ಟು ದೊಡ್ಡ ವಿಂಡ್‌ಶೀಲ್ಡ್ ಹಾಕಿಸಿದವರ ಕಥೆ ಇನ್ನೂ ವಿಚಿತ್ರ. ಎದೆಗೆ ಬಡಿಯುವ ಗಾಳಿ ನಿಲ್ಲುತ್ತದೆ, ತಲೆಯ ನಡುಕ ಮಾತ್ರ ಮೊದಲಿಗಿಂತ ಹೆಚ್ಚಾಗುತ್ತದೆ!

ಗಾಜು ಕೂರಿಸಿದ ಮೆಕ್ಯಾನಿಕ್ಕನ್ನು ಬೈಯುವುದು ಸುಲಭ. ಆದರೆ ಇದು ಗಾಳಿಯ ಸ್ವಭಾವ. ಈ ಸ್ವಭಾವವನ್ನು ಅರಿಯಲು ಜೀವನವಿಡೀ ದುಡಿದ ವಿಜ್ಞಾನಿಯೊಬ್ಬರು ಇದೇ ಹೆದ್ದಾರಿಯ ಇನ್ನೊಂದು ತುದಿಯ ಬೆಂಗಳೂರಿನಲ್ಲಿ ಐವತ್ತು ವರ್ಷ ಬದುಕಿ, ಅಲ್ಲಿಯೇ ಕಣ್ಮುಚ್ಚಿದರು. ಅವರೇ ಪ್ರೊ. ಸತೀಶ್ ಧವನ್. ಹೆಚ್ಚಿನವರಿಗೆ ಅವರು ಇಸ್ರೋ ಅಧ್ಯಕ್ಷರೆಂದು ಗೊತ್ತು. ಶ್ರೀಹರಿಕೋಟಾದ ರಾಕೆಟ್ ಕೇಂದ್ರಕ್ಕೆ ಅವರ ಹೆಸರಿದೆ ಎಂಬುದೂ ಗೊತ್ತು. ಆದರೆ ಅವರ ಮೂಲ ಕಸುಬು ಗಾಳಿಯದು ಎಂಬುದು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಧವನ್ ಮೋಟಾರ್ ಸೈಕಲ್ಲಿಗೆಂದು ಏನನ್ನೂ ಮಾಡಿದವರಲ್ಲ, ನಿಜ. ಆದರೆ ವಿಮಾನಕ್ಕೆ, ರಾಕೆಟ್ಟಿಗೆ, ಬೈಕಿಗೆ ಎಂದು ಗಾಳಿ ಬೇರೆ ಬೇರೆ ಕಾನೂನು ಇಟ್ಟುಕೊಂಡಿಲ್ಲವಲ್ಲ?

ಧವನ್ ಹುಟ್ಟಿದ್ದು 1920ರ ಸೆಪ್ಟೆಂಬರ್ 25ರಂದು, ಕಾಶ್ಮೀರದ ಶ್ರೀನಗರದಲ್ಲಿ. ಓದಿದ್ದು ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ. ಅವರ ಪದವಿಗಳ ಪಟ್ಟಿ ನೋಡಿದರೆ ಆಶ್ಚರ್ಯವಾಗುತ್ತದೆ. ಮೊದಲು ಗಣಿತ ಮತ್ತು ಭೌತಶಾಸ್ತ್ರದಲ್ಲಿ ಬಿ.ಎ., ಆಮೇಲೆ ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ., ಅದಾದ ಮೇಲೆ 1945ರಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್. ಕಲಾ ವಿಭಾಗ ಓದಿದವರು ಯಂತ್ರದ ಹತ್ತಿರ ಸುಳಿಯಬಾರದು ಎನ್ನುವ ಈಗಿನ ಕಾಲದವರು ಇದನ್ನು ಗಮನಿಸಬೇಕು.

ದೇಶ ಸ್ವತಂತ್ರವಾಗುವ ಹೊತ್ತಿಗೆ ಅವರು ಅಮೆರಿಕದಲ್ಲಿದ್ದರು. 1947ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದಿಂದ ಎಂ.ಎಸ್. ಪದವಿ. ಅಲ್ಲಿಂದ ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್ ಸಂಸ್ಥೆಗೆ ಹೋಗಿ, ಹಾನ್ಸ್ ಲೀಪ್‌ಮನ್ ಎಂಬ ಪ್ರಾಧ್ಯಾಪಕರ ಕೈಕೆಳಗೆ 1951ರಲ್ಲಿ ಡಾಕ್ಟರೇಟ್ ಪಡೆದರು. ಅವರು ಆರಿಸಿಕೊಂಡ ವಿಷಯ ಹೊರನೋಟಕ್ಕೆ ಬಹಳ ಸಣ್ಣದು. ಒಂದು ನುಣುಪಾದ ತಗಡಿನ ಮೇಲೆ ಗಾಳಿ ಹರಿದಾಗ, ಗಾಳಿ ಆ ತಗಡನ್ನು ಎಷ್ಟು ಬಲದಿಂದ ಉಜ್ಜುತ್ತದೆ? ಅಷ್ಟೇ.

ಸಣ್ಣ ಪ್ರಶ್ನೆ ನಿಜ, ಆದರೆ ಅಳೆಯುವುದು ಮಹಾ ಕಷ್ಟ. ಧವನ್ ತಗಡಿನ ಮೈಯಲ್ಲಿ ಒಂದು ಚಿಕ್ಕ ತುಂಡನ್ನು ಕೂದಲೆಳೆಯಷ್ಟು ಸಂದು ಬಿಟ್ಟು ಬೇರ್ಪಡಿಸಿ, ಅದು ಸ್ವಲ್ಪವೇ ಸರಿದಾಡುವಂತೆ ಹಗುರಾಗಿ ನಿಲ್ಲಿಸಿದರು. ಮೇಲೆ ಗಾಳಿ ಹರಿದಾಗ ಆ ತುಂಡು ಕಣ್ಣಿಗೆ ಕಾಣದಷ್ಟು ಸರಿಯುತ್ತದೆ. ಆ ಸರಿತವನ್ನು ಅಳೆದರೆ ಉಜ್ಜುವ ಬಲ ಸಿಕ್ಕಿತು. ಶಬ್ದಕ್ಕಿಂತ ವೇಗವಾದ ಗಾಳಿಯಲ್ಲೂ ಅವರು ಈ ಬಲವನ್ನು ನೇರವಾಗಿ ಅಳೆದು ತೋರಿಸಿದರು.

ಈ ಕ್ಯಾಲ್‌ಟೆಕ್ ವಿಭಾಗದ ಬಗ್ಗೆ ಎರಡು ಮಾತು ಹೇಳಲೇಬೇಕು. ಅದನ್ನು ಕಟ್ಟಿ ಬೆಳೆಸಿದವರು ಹಂಗೇರಿಯಲ್ಲಿ ಹುಟ್ಟಿದ ಥಿಯೋಡರ್ ವಾನ್ ಕಾರ್ಮನ್. ಉರುಟಾದ ಕಂಬಕ್ಕೆ ಗಾಳಿ ಬಡಿದಾಗ ಅದರ ಹಿಂದೆ ಸುಳಿಗಳು ಎಡಕ್ಕೊಂದು ಬಲಕ್ಕೊಂದು ಎಂದು ಸರದಿಯಲ್ಲಿ ಕಳಚಿಕೊಂಡು ಹೋಗುವುದರ ಲೆಕ್ಕವನ್ನು 1911ರಲ್ಲಿ ಕೊಟ್ಟವರು ಅವರು. ಗಾಳಿಯ ಲೆಕ್ಕವೆಲ್ಲ ತಮಗೇಕೆ ಎನ್ನುವವರಿಗಾಗಿ ಹೊಗೇನಕಲ್ಲಿನ ಉದಾಹರಣೆ ಇದೆ. ನದಿಯ ನಡುವಿನ ಬಂಡೆಯ ಮುಂದೆ ನೀರು ನೇರವಾಗಿ ಬರುತ್ತದೆ. ಬಂಡೆಯ ಹಿಂದೆ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಸುತ್ತುತ್ತದೆ. ಹರಿಗೋಲು ನಡೆಸುವವರು ಬಂಡೆಯ ಹಿಂದಿನ ಆ ಜಾಗದಲ್ಲಿ ಎಚ್ಚರದಿಂದ ಹುಟ್ಟು ಹಾಕುತ್ತಾರೆ. ಬೈಕಿನ ಗಾಜು ಬಂಡೆಯಾದರೆ ಸವಾರನ ತಲೆಯೇ ಹರಿಗೋಲು. ಕನ್ನಡದಲ್ಲಿ ಗಾಳಿ ಎನ್ನಿ, ತಮಿಳಿನಲ್ಲಿ ಕಾತ್ತು ಎನ್ನಿ, ಅದರ ನಡತೆ ನೀರಿನಂತೆಯೇ.

ಇದೇ ಕಾರ್ಮನ್ ಅವರನ್ನು 1940ರಲ್ಲಿ ಸರ್ಕಾರ ಒಂದು ತನಿಖೆಗೆ ಕರೆಯಿತು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಟಕೋಮಾ ಎಂಬಲ್ಲಿ ಜುಲೈ ತಿಂಗಳಲ್ಲಷ್ಟೇ ತೆರೆದಿದ್ದ ತೂಗು ಸೇತುವೆಯೊಂದು ನವೆಂಬರ್ 7ರಂದು ಬೆಳಿಗ್ಗೆ ಗಾಳಿಗೆ ತಿರುಚಿ ತಿರುಚಿ ಮುರಿದು ಬಿತ್ತು. ಮನುಷ್ಯರು ಯಾರೂ ಸಾಯಲಿಲ್ಲ, ಕಾರಿನಲ್ಲಿ ಸಿಕ್ಕಿಬಿದ್ದ ನಾಯಿಯೊಂದು ಹೋಯಿತು. ಅಂದಿನ ಗಾಳಿ ಬಿರುಗಾಳಿಯೇನಲ್ಲ. ಗಂಟೆಗೆ ಸುಮಾರು 65 ಕಿಲೋಮೀಟರ್, ಅಂದರೆ ಒಂದು ಬೈಕ್ ಓಡುವಷ್ಟು ವೇಗ! ಸೇತುವೆಯ ಎರಡೂ ಬದಿಗೆ ಗಾಳಿ ತೂರಲು ಜಾಗವಿಲ್ಲದಂತೆ ಗೋಡೆಯಂಥ ಉಕ್ಕಿನ ತೊಲೆಗಳನ್ನು ಹಾಕಿದ್ದರು. ಮುರಿದದ್ದು ಸುಳಿಗಳಿಂದಲೋ, ಸೇತುವೆಯೇ ಗಾಳಿಯ ಜೊತೆ ಸೇರಿ ತನ್ನ ತೂಗಾಟವನ್ನು ಹೆಚ್ಚಿಸಿಕೊಂಡದ್ದರಿಂದಲೋ ಎಂಬ ಚರ್ಚೆ ಆಮೇಲೂ ನಡೆಯಿತು. ಇಂದಿನ ವಿಜ್ಞಾನಿಗಳು ಎರಡನೆಯದನ್ನೇ ಒಪ್ಪುತ್ತಾರೆ. ಆದರೆ ಪರಿಹಾರದ ವಿಷಯದಲ್ಲಿ ಗೊಂದಲವಿರಲಿಲ್ಲ. 1950ರಲ್ಲಿ ಹೊಸ ಸೇತುವೆ ಕಟ್ಟಿದಾಗ ಬದಿಗಳಲ್ಲಿ ಜಾಲಂದ್ರದಂಥ ಚೌಕಟ್ಟು ಇಟ್ಟರು, ರಸ್ತೆಯ ಮೈಯಲ್ಲೇ ಉದ್ದಕ್ಕೂ ಸಂದು ಬಿಟ್ಟರು. ಗಾಳಿಗೆ ದಾರಿ ಕೊಟ್ಟರು.

ಧವನ್ ಕ್ಯಾಲ್‌ಟೆಕ್ ಸೇರಿದ ಹೊತ್ತಿಗೆ ಅಲ್ಲಿ ಹಸಿ ಹಸಿಯಾಗಿದ್ದ ವಿದ್ಯೆ ಇದು. ಅವರ ಜೊತೆ ಲೀಪ್‌ಮನ್ ಬಳಿಯೇ ಕಲಿಯುತ್ತಿದ್ದ ಅನತೋಲ್ ರೋಷ್ಕೊ ಇದೇ ಸುಳಿಗಳ ಮೇಲೆ ಸಂಶೋಧನೆ ಮಾಡಿದರು. ಕಂಬದ ಹಿಂದೆ ನಟ್ಟನಡುವೆ ಒಂದು ತೆಳು ತಗಡನ್ನು ಉದ್ದಕ್ಕೆ ಇಟ್ಟರೆ ಎಡಬಲದ ಸುಳಿಗಳು ಒಂದನ್ನೊಂದು ಮುಟ್ಟಲಾಗದೆ ಸರದಿಯ ಬಡಿತವೇ ನಿಂತುಹೋಗುತ್ತದೆ ಎಂದು ತೋರಿಸಿದವರು ಅವರು. ಲೀಪ್‌ಮನ್, ರೋಷ್ಕೊ, ಧವನ್ ಮೂವರೂ ಸೇರಿ ಬರೆದ ಪ್ರಬಂಧವೂ ಇದೆ. ಅದು ವಿಮಾನಗಳಿಗೆ ಸಂಬಂಧಿಸಿದ್ದು, ಇಲ್ಲಿ ಅದರ ವಿವರ ಬೇಡ.

ಅಮೆರಿಕದಲ್ಲಿ ಉಳಿದಿದ್ದರೆ ಕೈತುಂಬ ಸಂಬಳ ಸಿಗುತ್ತಿತ್ತು. ಧವನ್ 1951ರಲ್ಲೇ ಬೆಂಗಳೂರಿಗೆ ಬಂದು, ಹಳಬರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಮಂದಿರದಲ್ಲಿ ಕೆಲಸಕ್ಕೆ ಸೇರಿದರು. 1955ರಲ್ಲಿ ವೈಮಾನಿಕ ವಿಭಾಗದ ಮುಖ್ಯಸ್ಥರಾದರು. ಆಗ ದೇಶದಲ್ಲಿ ಹಣವೂ ಕಡಿಮೆ, ಉಪಕರಣವೂ ಕಡಿಮೆ. ಶಬ್ದಕ್ಕಿಂತ ವೇಗದ ಗಾಳಿ ಹಾಯಿಸುವ ದೇಶದ ಮೊದಲ ಗಾಳಿ ಸುರಂಗವನ್ನು ಅವರು ಅಲ್ಲಿ ಕಟ್ಟಿದರು. ಅದರ ಪರೀಕ್ಷಾ ಕೋಣೆ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಆದರೆ ಅದರಲ್ಲಿ ಪಳಗಿದ ಹುಡುಗರೇ ಮುಂದೆ ದೊಡ್ಡ ಸುರಂಗಗಳನ್ನು ನಡೆಸಿದರು. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ 1967ರಲ್ಲಿ ಶುರುವಾದ 1.2 ಮೀಟರ್ ಸುರಂಗದ ಬೆನ್ನಿಗೆ ಈ ಅನುಭವವಿತ್ತು.

ಇನ್‌ಸ್ಟಿಟ್ಯೂಟಿನಲ್ಲೇ ಕಡಿಮೆ ವೇಗದ ಇನ್ನೊಂದು ದೊಡ್ಡ ಸುರಂಗವಿದೆ. ಪರೀಕ್ಷಾ ಕೋಣೆಯ ಅಳತೆ 14 ಅಡಿಗೆ 9 ಅಡಿ. ಹಳ್ಳಿಯ ಮನೆಯ ಒಂದು ಕೋಣೆಯಷ್ಟು. ಸವಾರ, ಹಿಂದೆ ಕೂತವರು, ಎರಡೂ ಬದಿಯ ಪೆಟ್ಟಿಗೆ ಸಮೇತ ಒಂದು ಬೈಕನ್ನು ಆರಾಮವಾಗಿ ಒಳಗೆ ನಿಲ್ಲಿಸಬಹುದು.

ಈ ಕಾಲದಲ್ಲಿ ಧವನ್ ಬಳಿಗೆ ಬಂದ ಶಿಷ್ಯರಲ್ಲಿ ಒಬ್ಬರು ಬೆಂಗಳೂರಿನ ರೊದ್ದಂ ನರಸಿಂಹ. ಕನ್ನಡದಲ್ಲಿ ವಿಜ್ಞಾನ ಬರೆದ ಪ್ರೊ. ಆರ್.ಎಲ್. ನರಸಿಂಹಯ್ಯನವರ ಮಗ. ಗುರು ಶಿಷ್ಯರು ಸೇರಿ 1958ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ಇಂದಿಗೂ ಆ ಕ್ಷೇತ್ರದಲ್ಲಿ ಹೆಸರಾಗಿದೆ. ಅದರ ವಿಷಯ ಇಷ್ಟು. ಊದುಬತ್ತಿಯ ಹೊಗೆಯನ್ನು ನೋಡಿ. ಬುಡದಲ್ಲಿ ಗೆರೆ ಎಳೆದಂತೆ ನೇರ, ಮೇಲೆ ಹೋದಂತೆ ಕಲಕಿಹೋಗುತ್ತದೆ. ಶಾಂತವಾದ ಹರಿವು ಕಲಕಿದ ಹರಿವಾಗುವುದು ಹೇಗೆ? ಒಂದು ಗೆರೆ ದಾಟಿದ ಕೂಡಲೇ ಎಲ್ಲವೂ ಒಟ್ಟಿಗೆ ಕಲಕುವುದಿಲ್ಲ. ನಡುವಿನ ಒಂದು ಪಟ್ಟಿಯಲ್ಲಿ ಸ್ವಲ್ಪ ಹೊತ್ತು ಶಾಂತ, ಸ್ವಲ್ಪ ಹೊತ್ತು ಕಲಕು ಎಂಬಂತೆ ಸರದಿ ನಡೆಯುತ್ತದೆ. ಯಾವ ಜಾಗದಲ್ಲಿ ಎಷ್ಟು ಹೊತ್ತು ಕಲಕಿರುತ್ತದೆ ಎಂಬುದನ್ನು ಲೆಕ್ಕಕ್ಕೆ ಸಿಗುವಂತೆ ಮಾಡಿದ್ದು ಅವರಿಬ್ಬರ ಸಾಧನೆ. ನರಸಿಂಹ ಅವರು ಮುಂದೆ ಜಗತ್ತಿನ ಮಾನ್ಯ ವಿಜ್ಞಾನಿಗಳಲ್ಲಿ ಒಬ್ಬರಾಗಿ 2020ರಲ್ಲಿ ತೀರಿಕೊಂಡರು.

1962ರಲ್ಲಿ ಧವನ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾದರು. ಆಗ ವಯಸ್ಸು 42 ಮಾತ್ರ. 1981ರವರೆಗೆ ಆ ಸ್ಥಾನದಲ್ಲಿದ್ದರು. ನಡುವೆ 1971ರ ಡಿಸೆಂಬರ್ 30ರಂದು ವಿಕ್ರಮ್ ಸಾರಾಭಾಯಿ ಹಠಾತ್ತನೆ ನಿಧನರಾದರು. ಪ್ರಧಾನಿ ಇಂದಿರಾ ಗಾಂಧಿಯವರಿಂದ ಬಾಹ್ಯಾಕಾಶ ಕಾರ್ಯಕ್ರಮ ವಹಿಸಿಕೊಳ್ಳುವಂತೆ ಕರೆ ಬಂದಾಗ ಧವನ್ ರಜೆಯ ಮೇಲೆ ಕ್ಯಾಲ್‌ಟೆಕ್‌ನಲ್ಲಿದ್ದರು. ಅವರು ಎರಡು ಷರತ್ತು ಹಾಕಿದರು. ಇನ್‌ಸ್ಟಿಟ್ಯೂಟ್ ಬಿಡುವುದಿಲ್ಲ, ಮತ್ತು ಬಾಹ್ಯಾಕಾಶದ ಮುಖ್ಯ ಕಚೇರಿ ಬೆಂಗಳೂರಿನಲ್ಲಿರಬೇಕು. ಎರಡೂ ಒಪ್ಪಿಗೆಯಾದವು. ಹೊಸೂರು, ಡೆಂಕಣಿಕೋಟೆ ಕಡೆಯಿಂದ ಬೆಂಗಳೂರಿಗೆ ಕೆಲಸಕ್ಕೆ ಹೋಗುವ ಎಷ್ಟೋ ಕುಟುಂಬಗಳ ಅನ್ನಕ್ಕೂ ಆ ಎರಡನೇ ಷರತ್ತಿಗೂ ದೂರದ ನಂಟಿದೆ ಎಂದರೆ ಉತ್ಪ್ರೇಕ್ಷೆಯಾಗಲಾರದು.

ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಉಡುಪಿ ಕಡೆಯ ಯು.ಆರ್. ರಾವ್ ಮುಂದಾಳತ್ವದಲ್ಲಿ ತಯಾರಾದ ಆರ್ಯಭಟ 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನಲ್ಲಿ ಮೇಲೇರಿತು. ಮುಂದಿನದು ಸ್ವಂತ ರಾಕೆಟ್. ಇಲ್ಲಿ ಮತ್ತೆ ಗಾಳಿಯ ಪ್ರಶ್ನೆ. ರಾಕೆಟ್ ಶಬ್ದದ ವೇಗದ ಆಸುಪಾಸಿಗೆ ಬಂದಾಗ ಮೂತಿಯ ಉಬ್ಬಿನ ಹಿಂದೆ ಗಾಳಿ ಮೈಬಿಟ್ಟು ಹೋಗಿ ಇಡೀ ರಾಕೆಟನ್ನು ಬಡಿಯುತ್ತದೆ. ಎಂಜಿನಿಯರುಗಳು ಇದನ್ನು ಬಫೆಟಿಂಗ್ ಎನ್ನುತ್ತಾರೆ. ಬೈಕ್ ಸವಾರನ ಹೆಲ್ಮೆಟ್ ನಡುಕಕ್ಕೂ ಇದೇ ಹೆಸರು. ರಾಕೆಟ್ ಹಾರಿಸುವ ಮೊದಲು ಅದರ ಚಿಕ್ಕ ಮಾದರಿಯನ್ನು ಗಾಳಿ ಸುರಂಗದಲ್ಲಿಟ್ಟು ಈ ಬಡಿತವನ್ನು ಅಳೆಯುವುದು ಕಡ್ಡಾಯ.

1979ರ ಆಗಸ್ಟ್ 10ರಂದು ಹಾರಿದ ಎಸ್‌ಎಲ್‌ವಿ-3 ಬಂಗಾಳ ಕೊಲ್ಲಿಗೆ ಬಿತ್ತು. ದೋಷ ಇದ್ದದ್ದು ಎರಡನೇ ಹಂತದ ನಿಯಂತ್ರಣ ವ್ಯವಸ್ಥೆಯಲ್ಲಿ, ಗಾಳಿಯಲ್ಲಲ್ಲ. ಯೋಜನೆಯ ನಿರ್ದೇಶಕರಾಗಿದ್ದವರು ರಾಮೇಶ್ವರದ ಅಬ್ದುಲ್ ಕಲಾಂ. ಪತ್ರಕರ್ತರು ಕಾದು ಕೂತಿದ್ದರು. ಧವನ್ ತಾವೇ ಮುಂದೆ ಕೂತು ಸೋಲಿನ ಹೊಣೆಯನ್ನು ಹೊತ್ತುಕೊಂಡರು. ಮರುವರ್ಷ ಜುಲೈ 18ರಂದು ರೋಹಿಣಿ ಉಪಗ್ರಹ ಕಕ್ಷೆ ಸೇರಿದಾಗ ಪತ್ರಿಕಾಗೋಷ್ಠಿ ನಡೆಸಲು ಕಲಾಂ ಅವರನ್ನೇ ಕಳಿಸಿ ತಾವು ಹಿಂದೆ ಸರಿದರು. ಕಲಾಂ ಇದನ್ನು ಕೊನೆಯವರೆಗೂ ಸಭೆ ಸಭೆಗಳಲ್ಲಿ ನೆನೆಯುತ್ತಿದ್ದರು. ಧವನ್ ಅವರಿಗೆ 1981ರಲ್ಲಿ ಪದ್ಮವಿಭೂಷಣ ಬಂತು. 1984ರಲ್ಲಿ ಇಸ್ರೋ ಜವಾಬ್ದಾರಿ ಬಿಟ್ಟುಕೊಟ್ಟರು.

ಅಧಿಕಾರದಿಂದ ಇಳಿದ ಮೇಲೆ ದೊಡ್ಡವರು ಆತ್ಮಕಥೆ ಬರೆಯುವುದು ವಾಡಿಕೆ. ಧವನ್ ಹಕ್ಕಿಗಳ ಬಗ್ಗೆ ಬರೆದರು! ಶ್ರೀಹರಿಕೋಟಾದ ಪಕ್ಕದಲ್ಲೇ ತಮಿಳುನಾಡು ಮತ್ತು ಆಂಧ್ರದ ಗಡಿಯಲ್ಲಿ ಪುಲಿಕಾಟ್ ಸರೋವರವಿದೆ. ರಾಜಹಂಸಗಳು ಬರುವ ಜಾಗ. ರಾಕೆಟ್ ನೋಡಲು ಹೋದವರು ಹಕ್ಕಿ ನೋಡುತ್ತ ಕೂತರು. ಹಕ್ಕಿಗಳ ಹಾರಾಟದ ಗಾಳಿಶಾಸ್ತ್ರದ ಮೇಲೆ ಅವರು ಬರೆದದ್ದನ್ನು ಭಾರತೀಯ ವಿಜ್ಞಾನ ಅಕಾಡೆಮಿ 1991ರಲ್ಲಿ ಪುಸ್ತಕವಾಗಿ ತಂದಿತು.

ಹಕ್ಕಿಯ ರೆಕ್ಕೆಯಲ್ಲಿ ಟಕೋಮಾ ಸೇತುವೆಯ ಪರಿಹಾರ ಮೊದಲಿನಿಂದಲೂ ಇದೆ. ಆಕಾಶದಲ್ಲಿ ಸುತ್ತುವ ಹದ್ದನ್ನು ನೋಡಿ. ರೆಕ್ಕೆಯ ತುದಿಯ ಗರಿಗಳು ಬೆರಳು ಬಿಡಿಸಿದಂತೆ ಬೇರೆ ಬೇರೆಯಾಗಿ, ನಡುವೆ ಸಂದು ಇರುತ್ತದೆ. ಹಕ್ಕಿಯ ರೆಕ್ಕೆಯಲ್ಲಿ ಹೆಬ್ಬೆರಳಿನ ಜಾಗದಲ್ಲಿ ಒಂದು ಪುಟ್ಟ ಗರಿಗೊಂಚಲೂ ಇದೆ. ಇಳಿಯುವಾಗ, ವೇಗ ಕಡಿಮೆಯಾಗಿ ರೆಕ್ಕೆಯ ಮೇಲಿನ ಗಾಳಿ ಮೈಬಿಟ್ಟು ಹೋಗುವ ಅಪಾಯ ಬಂದಾಗ ಅದು ತೆರೆದುಕೊಳ್ಳುತ್ತದೆ. ಆ ಸಂದಿನಿಂದ ನುಗ್ಗುವ ಗಾಳಿ ರೆಕ್ಕೆಯ ಮೇಲಿನ ಗಾಳಿಯನ್ನು ಮತ್ತೆ ಮೈಗೆ ಅಂಟಿಸುತ್ತದೆ.

ಬೈಕಿನ ಗಾಜಿಗೂ ಇದೇ ಮಾತು ಸಲ್ಲುತ್ತದೆ. ಗಾಜಿನ ಮೇಲಂಚಿನಲ್ಲಿ ಗಾಳಿ ಕಳಚಿಕೊಂಡು ಸುಳಿಯಾಗುತ್ತದೆ. ಗಾಜಿನ ಹಿಂದೆ ಒತ್ತಡ ಕಡಿಮೆಯಾಗಿ ಮೇಲಿನ ಗಾಳಿ ಒಳಕ್ಕೆ ಎಳೆಯಲ್ಪಡುತ್ತದೆ, ಟ್ಯಾಂಕಿನ ಕೆಳಗಿನಿಂದಲೂ ಗಾಳಿ ಏರಿ ಬರುತ್ತದೆ. ಇವೆಲ್ಲ ಸೇರುವ ಜಾಗದಲ್ಲೇ ಸವಾರನ ಹೆಲ್ಮೆಟ್ ಇರುತ್ತದೆ. ಅದಕ್ಕೇ ಗಾಜು ದೊಡ್ಡದಾದಷ್ಟೂ ಒಳ್ಳೆಯದು ಎಂಬ ನಂಬಿಕೆ ತಪ್ಪು. ಗಾಜಿನ ಬುಡದಲ್ಲಿ ಸ್ವಲ್ಪ ಸಂದು ಬಿಟ್ಟರೆ ಒಳಗಿನ ಒತ್ತಡ ಸರಿಹೋಗಿ ಮೇಲಿನ ಸುಳಿ ಶಾಂತವಾಗುತ್ತದೆ. ಟೂರಿಂಗ್ ಬೈಕುಗಳ ಒಳ್ಳೆಯ ಗಾಜುಗಳಲ್ಲಿ ಬುಡದಲ್ಲಿ ಕಿಂಡಿ ಇರುವುದು ಚಂದಕ್ಕಲ್ಲ.

ಎತ್ತರದ ವಿಷಯದಲ್ಲಿ ಎರಡೇ ದಾರಿ. ಅಂಚಿನಿಂದ ಏಳುವ ಕಲಕು ಹೆಲ್ಮೆಟ್ಟಿನ ಮೇಲಿಂದ ದಾಟಿಹೋಗುವಷ್ಟು ಗಾಜು ಎತ್ತರವಿರಬೇಕು. ಇಲ್ಲವೇ ಕಲಕು ಎದೆಯ ಮಟ್ಟದಲ್ಲೇ ಉಳಿದು ಹೆಲ್ಮೆಟ್ಟಿಗೆ ಶುದ್ಧ ಗಾಳಿ ತಾಗುವಷ್ಟು ತಗ್ಗಿರಬೇಕು. ಎರಡರ ನಡುವಿನ ಎತ್ತರವೇ ಕೆಟ್ಟದ್ದು. ಎತ್ತರದ ಗಾಜಾದರೂ ಕಣ್ಣು ಅದರ ಮೇಲಿನಿಂದ ರಸ್ತೆ ನೋಡುವಂತಿರಬೇಕು, ಮಳೆಯಲ್ಲಿ ರಾತ್ರಿ ಹೊತ್ತು ಗಾಜಿನ ಮೂಲಕ ನೋಡುವುದು ಅಪಾಯ. ಅಣ್ಣ ತಮ್ಮ ಇಬ್ಬರೂ ಒಂದೇ ಬೈಕ್ ಓಡಿಸುವ ಮನೆಯಲ್ಲಿ ಕುಳ್ಳಗಿರುವವನಿಗೆ ಹೊಂದಿದ ಗಾಜು ಉದ್ದಗಿರುವವನಿಗೆ ಹೊಂದದಿರುವುದೂ ಇದರಿಂದಲೇ.

ಅಳೆಯುವುದಕ್ಕೆ ಗಾಳಿ ಸುರಂಗವೇ ಬೇಕೆಂದಿಲ್ಲ. ಸುರಂಗಗಳಲ್ಲೇ ಬಳಸುವ ಒಂದು ಅಗ್ಗದ ಉಪಾಯವಿದೆ. ಬೆರಳುದ್ದದ ಉಲ್ಲನ್ ದಾರದ ತುಂಡುಗಳನ್ನು ಗಾಜಿನ ಅಂಚಿಗೂ ಹೆಲ್ಮೆಟ್ಟಿಗೂ ಟೇಪಿನಿಂದ ಅಂಟಿಸಿ. ಖಾಲಿ ರಸ್ತೆಯಲ್ಲಿ ಓಡಿಸುವಾಗ ಇನ್ನೊಂದು ವಾಹನದಲ್ಲಿ ಕೂತವರು ನೋಡಲಿ. ದಾರ ನೇರವಾಗಿ ಹಿಂದಕ್ಕೆ ಮಲಗಿದ್ದರೆ ಗಾಳಿ ಶಾಂತ. ಕುಣಿಯುತ್ತಿದ್ದರೆ ಕಲಕು. ಗಾಜನ್ನು ಒಂದೊಂದೇ ಇಂಚು ಏರಿಸಿ ಇಳಿಸಿ, ಕೋನ ಬದಲಿಸಿ ಮತ್ತೆ ನೋಡಬೇಕು. ಒಂದೇ ಸಲಕ್ಕೆ ಎಲ್ಲವನ್ನೂ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂದು ಗೊತ್ತಾಗುವುದಿಲ್ಲ. ತೊಪ್ಪೂರು ಇಳಿಜಾರಿನಲ್ಲಿ ಮಾತ್ರ ಈ ಪ್ರಯೋಗ ಖಂಡಿತ ಬೇಡ, ಅಲ್ಲಿ ಆಗಿರುವ ಅಪಘಾತಗಳೇ ಸಾಕು.

ಇನ್ನೊಂದು ಲೆಕ್ಕ. ಗಾಳಿಯ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ನಲವತ್ತರಿಂದ ಎಂಬತ್ತಕ್ಕೆ ಹೋದರೆ ಬಡಿತ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಎಂಬತ್ತರಿಂದ ಎಪ್ಪತ್ತಕ್ಕೆ ಇಳಿದರೆ ಸುಮಾರು ಕಾಲು ಭಾಗ ಕಡಿಮೆ. ಪಟಪಟ ಹೊಡೆದುಕೊಳ್ಳುವ ಸಡಿಲ ಅಂಗಿ, ಬಟನ್ ಹಾಕದ ರೇನ್‌ಕೋಟ್, ಅರ್ಧ ತೆರೆದ ಹೆಲ್ಮೆಟ್ ಗಾಜು ಇವೆಲ್ಲ ಆ ಬಡಿತಕ್ಕೆ ಮತ್ತಷ್ಟು ಸೇರಿಸುತ್ತವೆ. ದೊಡ್ಡ ಲಾರಿಯನ್ನು ದಾಟುವಾಗ ಅದರ ಹಿಂದಿನ ಸುಳಿ ಒಳಕ್ಕೆ ಎಳೆದು, ಮೂತಿಯ ಬಳಿ ಗಾಳಿ ಹೊರಕ್ಕೆ ತಳ್ಳುತ್ತದೆ. ಅಲ್ಲಿ ಯಾವ ಗಾಜೂ ಕಾಯುವುದಿಲ್ಲ, ಅಂತರ ಬಿಟ್ಟು ಹೋಗುವುದೊಂದೇ ದಾರಿ.

ಸತೀಶ್ ಧವನ್ 2002ರ ಜನವರಿ 3ರಂದು ಬೆಂಗಳೂರಿನಲ್ಲಿ ನಿಧನರಾದರು. ಅವರಿಗೆ 81 ವರ್ಷವಾಗಿತ್ತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಶ್ರೀಹರಿಕೋಟಾ ಕೇಂದ್ರಕ್ಕೆ ಅವರ ಹೆಸರಿಟ್ಟರು. ಅಲ್ಲಿಂದ ಏರುವ ಪ್ರತಿಯೊಂದು ರಾಕೆಟ್ಟಿನ ಮಾದರಿಯೂ ಮೊದಲು ಯಾವುದಾದರೂ ಗಾಳಿ ಸುರಂಗದಲ್ಲಿ ನಡುಗಿ, ಅಳೆಯಿಸಿಕೊಂಡು ಬಂದಿರುತ್ತದೆ.